ಎಚ್‌ಆರ್ ಕೆಲಸಕ್ಕೆ ಜನ ಯಾಕೆ ಬರುತ್ತಾರೆ, ಬಂದವರು ಯಾಕೆ ಉಳಿಯುತ್ತಾರೆ?

ವಿದ್ಯಾನಗರ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂಬಿಎ ಓದುತ್ತಿದ್ದೇನೆ. ಮುಂದಿನ ಸೆಮಿಸ್ಟರ್‌ಗೆ ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್ (ಸಿಬ್ಬಂದಿ ನಿರ್ವಹಣೆ) ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮನಸ್ಸು ಎಚ್‌ಆರ್ ಕಡೆಗೇ ಎಳೆಯುತ್ತಿದೆ. ಆದರೆ ಯಾಕೆ ಅಂತ ಯಾರಾದರೂ ಕೇಳಿದರೆ ನನಗೆ ಸರಿಯಾಗಿ ಹೇಳೋಕೆ ಬರುತ್ತಿಲ್ಲ.

ಕ್ಲಾಸಿನಲ್ಲಿ ಎಚ್‌ಆರ್ ತೆಗೆದುಕೊಳ್ಳುವವರೆಲ್ಲ "ನನಗೆ ಜನರ ಜೊತೆ ಬೆರೆಯೋದು ಇಷ್ಟ" ಅಂತಾರೆ. ಬೆರೆಯೋದು ಇಷ್ಟ ಅಂದ್ರೆ ಮಾರ್ಕೆಟಿಂಗ್‌ಗೂ ಹೋಗಬಹುದು, ಅಂಗಡಿಯನ್ನೂ ಇಡಬಹುದು, ಅಲ್ವಾ? ಅಮ್ಮ "ನೆರಳಲ್ಲಿ ಕೂತು ಮಾಡೋ ಕೆಲಸ, ಒಳ್ಳೇದೇ" ಅಂತಾರೆ. ಸೋದರಮಾವ ಮಾತ್ರ "ಎಚ್‌ಆರ್ ಅಂದ್ರೆ ಜನರನ್ನ ಕೆಲಸದಿಂದ ಮನೆಗೆ ಕಳಿಸೋರು, ನಿನ್ನ ಕೈಲಿ ಆಗಲ್ಲ" ಅಂತ ಖಡಾಖಂಡಿತ ಹೇಳಿಬಿಟ್ಟರು.

ಈ ಗುಂಪಿನಲ್ಲಿ ಆ ಕೆಲಸದಲ್ಲಿ ಇರುವವರು, ಇದ್ದು ಬಿಟ್ಟವರು, ಆ ಕಡೆ ನಿಂತು ನೋಡಿದವರು ಎಲ್ಲರೂ ಇದ್ದೀರಿ. ನಿಮ್ಮನ್ನು ಅಲ್ಲಿಗೆ ಕರೆತಂದದ್ದು ಏನು? ಉಳಿಸಿಕೊಂಡದ್ದು ಏನು? ಇಂಟರ್‌ವ್ಯೂನಲ್ಲಿ ಹೇಳುವ ಉತ್ತರ ಬೇಡ. ನಿಜವಾದದ್ದು ಹೇಳಿ.

ಎಸ್.ಎಸ್. ಲೇಔಟ್

ನಿಜ ಕೇಳಿದ್ದೀಯಮ್ಮ, ನಿಜವನ್ನೇ ಹೇಳುತ್ತೇನೆ. ನನಗೆ ಊರು ಬಿಡೋದು ಬೇಡವಾಗಿತ್ತು. ಬಿ.ಕಾಂ. ಮುಗಿದಾಗ ಮನೆ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಸಂಬಳ ಪಟ್ಟಿ ಮಾಡುವ ಕೆಲಸ ಸಿಕ್ಕಿತು. ಅದೇ ಬೆಳೆದು ಎಚ್‌ಆರ್ ಆಯಿತು. ಯಾವ ಆದರ್ಶವೂ ಇರಲಿಲ್ಲ. ನನ್ನಂಥವರೇ ಜಾಸ್ತಿ ಅಂತ ನನ್ನ ಅನಿಸಿಕೆ. ಬಂದ ಕಾರಣ ಚಿಕ್ಕದಾದರೆ ತಪ್ಪೇನಿಲ್ಲ. ಉಳಿದದ್ದು ಯಾಕೆ ಅನ್ನೋದು ಬೇರೆ ಮಾತು. ಅದನ್ನ ದೊಡ್ಡವರು ಹೇಳಲಿ, ನಾನೂ ಓದುತ್ತೇನೆ.

ಮಿಲ್ ಕಾರ್ಮಿಕನ ಮಗ

ನಮ್ಮಪ್ಪ ಇಲ್ಲಿನ ಒಂದು ಕಾಟನ್ ಮಿಲ್ಲಿನ ಸ್ಪಿನ್ನಿಂಗ್ ವಿಭಾಗದಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಈಗಿನ ಮಕ್ಕಳಿಗೆ ಡಿಸಿಎಂ ಟೌನ್‌ಶಿಪ್ ಅಂದ್ರೆ ಒಂದು ಬಡಾವಣೆ ಅಷ್ಟೇ. ಆ ಹೆಸರಿನ ಹಿಂದೆ ಒಂದು ಕಾಟನ್ ಮಿಲ್ ಇತ್ತು ಅಂತ ಎಷ್ಟು ಜನಕ್ಕೆ ಗೊತ್ತು? ಒಂದೊಂದಾಗಿ ಮಿಲ್ಲುಗಳು ಮುಚ್ಚಿದವು. ಅಪ್ಪನ ಮಿಲ್ಲೂ ನಿಂತಿತು.

ಮಿಲ್ ನಿಂತ ಮೇಲೆ ದೊಡ್ಡ ಪ್ರಶ್ನೆ ಬಂದದ್ದು ದುಡ್ಡು ಎಲ್ಲಿದೆ ಅಂತಲ್ಲ. ಅದಕ್ಕೂ ಮುಂಚೆ, ನೀನು ಇಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದೀಯ, ಕಾಯಂ ಆಗಿದ್ದೆಯಾ ಬದಲಿಯಾಗಿದ್ದೆಯಾ, ಅದಕ್ಕೆ ಏನು ಗುರುತು ಇದೆ ಅನ್ನೋದು ಬಂತು. ಹಲವರ ಹತ್ತಿರ ಟೋಕನ್ ಬಿಟ್ಟರೆ ಏನೂ ಇರಲಿಲ್ಲ. ಆಗ ಆಸರೆಯಾದದ್ದು ಟೈಂ ಆಫೀಸಿನ ಗುಮಾಸ್ತರು. ಅವರು ಹಾಜರಿ ಪುಸ್ತಕಗಳನ್ನು ಗೆದ್ದಲು ಹಿಡಿಯಲು ಬಿಡದೆ ವರ್ಷದ ಪ್ರಕಾರ ಕಟ್ಟಿಟ್ಟಿದ್ದರು. ಯಾರು ಬಂದು ಕೇಳಿದರೂ ಪುಟ ತೆಗೆದು ತೋರಿಸುತ್ತಿದ್ದರು. ಅಪ್ಪನಿಗೆ ಬರಬೇಕಾದ ಗ್ರಾಚ್ಯುಟಿ, ಅಂದ್ರೆ ದುಡಿದ ವರ್ಷಗಳ ಮೇಲೆ ಕೆಲಸ ಬಿಡುವಾಗ ಕೊಡುವ ದುಡ್ಡಿನ ಲೆಕ್ಕ ಹಾಕಲು ಆ ಪುಟಗಳೇ ಆಧಾರ. ದುಡ್ಡು ಕೈಗೆ ಬರಲು ಬಹಳ ಕಾಲ ಹಿಡಿಯಿತು, ಪೂರ್ತಿಯೂ ಬರಲಿಲ್ಲ. ಆದರೆ ಆ ಪುಸ್ತಕ ಇರದಿದ್ದರೆ ಕೇಳುವ ಹಕ್ಕೂ ಇರುತ್ತಿರಲಿಲ್ಲ.

ಆ ಗುಮಾಸ್ತರು ಭಾಷಣ ಮಾಡಿದವರಲ್ಲ, ಯಾರ ಹೆಗಲ ಮೇಲೂ ಕೈ ಹಾಕಿದವರಲ್ಲ. ಮಾತೇ ಕಮ್ಮಿ. ನಾನು ಈ ಕೆಲಸಕ್ಕೆ ಬಂದದ್ದು ಅವರನ್ನು ನೋಡಿ. ಇವತ್ತು ನಾನು ಮಾಡುವುದರಲ್ಲಿ ಮುಕ್ಕಾಲು ಪಾಲು ದಾಖಲೆ ಕೆಲಸ. ಸೇರಿದ ದಿನಾಂಕ, ಆಧಾರ್‌ನಲ್ಲಿರುವ ಹೆಸರು, ಪಿಎಫ್‌ನಲ್ಲಿರುವ ಹೆಸರು, ನಾಮಿನಿ. ಬೇಜಾರಿನ ಕೆಲಸ ಅಂತ ಹೊಸಬರು ಅಂತಾರೆ. ನನಗೆ ಬೇಜಾರಾಗಿಲ್ಲ. ಆ ಒಂದೊಂದು ಖಾನೆಯೂ ಮುಂದೆ ಯಾರದೋ ಮನೆಯ ದುಡ್ಡು.

ಲೈನ್ ನಂಬರ್ ಏಳು

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎಚ್‌ಆರ್ ಅಲ್ಲ. ಆ ಕಡೆಯಿಂದ ನೋಡಿದವಳು ಅಂತ ಬರೆಯುತ್ತಿದ್ದೇನೆ. ಬೇಜಾರು ಮಾಡ್ಕೋಬೇಡಿ.

ನಮಗೆ ಎಚ್‌ಆರ್ ಅಂದ್ರೆ ಮಾಲೀಕರ ಕಡೆಯವರು. ಸೂಪರ್‌ವೈಸರ್ ಬೈದರೆ ಹೋಗಿ ಹೇಳಿ ಅಂತಾರೆ. ಹೇಳಿದರೆ "ನೀವೇ ಸ್ವಲ್ಪ ಹೊಂದಿಕೊಂಡು ಹೋಗಿ" ಅಂತಾರೆ. ಮರುದಿನ ಹೇಳಿದ ಸುದ್ದಿ ಸೂಪರ್‌ವೈಸರ್ ಕಿವಿಗೆ ಬಿದ್ದಿರುತ್ತದೆ. ಆಮೇಲೆ ಟಾರ್ಗೆಟ್ ಜಾಸ್ತಿ ಬೀಳುವುದು ನಮ್ಮ ಮೇಲೇ. ಹಿಂಗಾದ ಮೇಲೆ ಯಾರು ಹೋಗ್ತಾರೆ ಹೇಳಿ?

ಆದರೆ ಎಲ್ಲರೂ ಹಂಗೆ ಅಂತ ಹೇಳಿದರೆ ತಪ್ಪಾಗುತ್ತದೆ. ನಾನು ಮುಂಚೆ ಇದ್ದ ಕಡೆ ಒಬ್ಬ ಮೇಡಂ ಇದ್ದರು. ಊಟದ ಹೊತ್ತಿಗೆ ನಮ್ಮ ಜೊತೆ ಕ್ಯಾಂಟೀನಿನಲ್ಲೇ ಕೂರುತ್ತಿದ್ದರು. ಪಿಎಫ್ ತೆಗೆಯೋಕೆ ಹೋದ ಹುಡುಗಿಯರನ್ನು ನಿಲ್ಲಿಸಿ, "ಪೆನ್ಷನ್ ದುಡ್ಡೂ ತೆಗೆಯೋ ಫಾರಂ ಹತ್ತು ಸಿ ಹಾಕಿದರೆ ಪೆನ್ಷನ್‌ಗೆ ಲೆಕ್ಕ ಆಗೋ ವರ್ಷಗಳೂ ಹೋಗ್ತವೆ ಕಣ್ರೇ, ಹತ್ತು ವರ್ಷ ತುಂಬಿದರೆ ತಿಂಗಳ ಪೆನ್ಷನ್ ಬರುತ್ತೆ, ಹೊಸ ಕಡೆಗೆ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳಿ" ಅಂತ ಕೂರಿಸಿ ಹೇಳುತ್ತಿದ್ದರು. ನಾನು ಹಾಗೆ ಟ್ರಾನ್ಸ್‌ಫರ್ ಮಾಡಿಸಿದವಳು. ಆ ಮೇಡಂಗೆ ಇದನ್ನು ಹೇಳೋದರಿಂದ ಏನು ಸಿಗುತ್ತಿತ್ತು? ಏನೂ ಇಲ್ಲ. ಅವರು ಯಾಕೆ ಹೇಳುತ್ತಿದ್ದರು ಅನ್ನೋದು ನನಗೂ ತಿಳ್ಕೋಬೇಕು ಅನಿಸುತ್ತದೆ. ಅದಕ್ಕೇ ಈ ಚರ್ಚೆ ಓದುತ್ತಿದ್ದೇನೆ.

ಹರಿಹರದ ಹಳಬ

ಲೈನ್ ನಂಬರ್ ಏಳು ಅವರೇ, ನೀವು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನು ಪರ್ಸನಲ್ ಆಫೀಸರ್ ಆಗಿ ನಿವೃತ್ತನಾದವನು. ಆಗ ಎಚ್‌ಆರ್ ಅನ್ನುವ ಹೆಸರು ನಮ್ಮ ಕಡೆ ಬಂದಿರಲಿಲ್ಲ. ಸಂಬಳ ಕೊಡುವವರು ಮಾಲೀಕರು. ಇದನ್ನು ಮುಚ್ಚಿಟ್ಟು "ನಾವು ನಿಮ್ಮವರೇ" ಅಂತ ಕಾರ್ಮಿಕರ ಮುಂದೆ ಹೇಳುವವರನ್ನು ನಂಬಬೇಡಿ. ಮಗಳೇ, ನೀನೂ ಈ ಕೆಲಸಕ್ಕೆ ಬಂದರೆ ಆ ಮಾತು ಆಡಬೇಡ.

ಹಾಗಾದರೆ ಈ ಕೆಲಸ ಯಾಕೆ ಹುಟ್ಟಿತು ಅಂತ ಸ್ವಲ್ಪ ನೋಡಬೇಕು. ಹಿಂದೆ ಮಿಲ್ಲುಗಳಲ್ಲಿ ಜನರನ್ನು ಸೇರಿಸಿಕೊಳ್ಳುತ್ತಿದ್ದವನು ಜಾಬರ್. ನಮ್ಮಲ್ಲಿ ಮೇಸ್ತ್ರಿ ಅನ್ನುತ್ತಿದ್ದರು. ಕೆಲಸ ಬೇಕಾದವನು ಮೇಸ್ತ್ರಿಗೆ ದುಡ್ಡು ಕೊಡಬೇಕು. ರಜೆ ಹೋಗಿ ಬಂದರೆ ಮತ್ತೆ ಕೊಡಬೇಕು. ಕೊಡದವನ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ. ಬ್ರಿಟಿಷ್ ಸರ್ಕಾರ 1929ರಲ್ಲಿ ನೇಮಿಸಿದ ಕಾರ್ಮಿಕ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಅದರಲ್ಲಿ, ಜನರನ್ನು ಸೇರಿಸುವ, ತೆಗೆಯುವ ಅಧಿಕಾರವನ್ನು ಜಾಬರ್ ಕೈಯಿಂದ ಬಿಡಿಸಿ ಅದಕ್ಕೆಂದೇ ಒಬ್ಬ ಲೇಬರ್ ಆಫೀಸರ್‌ಗೆ ಕೊಡಬೇಕು ಅಂತ ಹೇಳಿದರು. ಸ್ವಾತಂತ್ರ್ಯ ಬಂದ ಮೇಲೆ 1948ರ ಫ್ಯಾಕ್ಟರಿ ಕಾಯ್ದೆ, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ವೆಲ್ಫೇರ್ ಆಫೀಸರ್ ಇರಲೇಬೇಕು ಅಂತ ಕಡ್ಡಾಯ ಮಾಡಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ (ಹಳೇ ಕಾಯ್ದೆಗಳನ್ನು ಒಟ್ಟುಗೂಡಿಸಿದ ಕಾನೂನು) ಆ ಸಂಖ್ಯೆ 250ಕ್ಕೆ ಇಳಿದಿದೆ.

ಅಂದ್ರೆ ಈ ಕುರ್ಚಿಯನ್ನು ಹಾಕಿದ್ದೇ ಒಬ್ಬನ ಮರ್ಜಿಯ ಮೇಲೆ ಇನ್ನೊಬ್ಬನ ಅನ್ನ ನಿಲ್ಲಬಾರದು ಅಂತ. ನನ್ನನ್ನು ಅಷ್ಟು ವರ್ಷ ಹಿಡಿದಿಟ್ಟದ್ದು ಇದೇ. ನಾನು ಕರುಣಾಮಯಿ ಅಲ್ಲ, ಜನರ ಜೊತೆ ಬೆರೆಯುವ ಸ್ವಭಾವವೂ ನನ್ನದಲ್ಲ. ಒಂದು ನಿಯಮ ಇದ್ದರೆ ಅದು ಮ್ಯಾನೇಜರ್ ತಮ್ಮನಿಗೂ, ಕಸ ಗುಡಿಸುವವನಿಗೂ ಒಂದೇ ಆಗಿರಬೇಕು ಅನ್ನುವುದು ನನ್ನ ಹಟ. ಅಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ಕಾರ್ಮಿಕ ಸೂಪರ್‌ವೈಸರ್ ಜೊತೆ ಜಗಳ ಮಾಡಿದ ಅಂತ ಇಟ್ಟುಕೊಳ್ಳಿ. ಮೇಲಿನವರಿಗೆ ಅವನನ್ನು ಅವತ್ತೇ ಗೇಟಿನಿಂದ ಆಚೆ ಕಳಿಸುವ ಸಿಟ್ಟು. ಆಗ "ಸರ್, ಮೊದಲು ಚಾರ್ಜ್‌ಶೀಟ್ ಕೊಡಬೇಕು, ಅವನ ಉತ್ತರ ತಗೋಬೇಕು, ಎನ್‌ಕ್ವೈರಿ ಆಗಬೇಕು. ಅಲ್ಲೀತನಕ ಸಸ್ಪೆಂಡ್ ಮಾಡಿದರೂ ಮೊದಲ 90 ದಿನ ಅರ್ಧ ಸಂಬಳ ಕೊಡಬೇಕು, ಆಮೇಲೂ ನಮ್ಮಿಂದ ತಡ ಆದರೆ ಮುಕ್ಕಾಲು ಸಂಬಳ ಕೊಡಬೇಕು" ಅಂತ ಹೇಳುವವನು ಒಬ್ಬ ಬೇಕು. ಆ ಕೋಣೆಯಲ್ಲಿ ಆ ಮಾತು ಆಡಲು ಕಾರ್ಮಿಕನಿಗೆ ಜಾಗ ಇಲ್ಲ. ಯೂನಿಯನ್‌ನವರೂ ಆ ಹೊತ್ತಿಗೆ ಅಲ್ಲಿರುವುದಿಲ್ಲ. ಇರುವವನು ಪರ್ಸನಲ್ ಆಫೀಸರ್ ಒಬ್ಬನೇ. ಎಷ್ಟೋ ಸಲ ಎನ್‌ಕ್ವೈರಿಯಲ್ಲಿ ತಪ್ಪು ಕಾರ್ಮಿಕನದೇ ಅಂತ ಬಂದಿದೆ, ಅವನ ಕೆಲಸ ಹೋಗಿದೆ. ಆದರೆ ಅವನ ಮಾತನ್ನು ಕೇಳದೆ ಹೋಗಿಲ್ಲ. ಮಗಳೇ, ನಿನ್ನ ಸೋದರಮಾವ ಹೇಳಿದ "ಮನೆಗೆ ಕಳಿಸೋರು" ಅನ್ನುವ ಮಾತಿಗೆ ನನ್ನ ಉತ್ತರ ಇದು.

ವಿದ್ಯಾನಗರ ಹುಡುಗಿ

ಹಳಬರೇ, ತುಂಬಾ ಥ್ಯಾಂಕ್ಸ್. ಸೋದರಮಾವನಿಗೆ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆದರೆ ಒಂದು ಪ್ರಶ್ನೆ ಹುಟ್ಟಿತು. ನ್ಯಾಯವೇ ಮುಖ್ಯ ಅಂದ್ರೆ ಕಾರ್ಮಿಕ ಇಲಾಖೆಗೆ ಪರೀಕ್ಷೆ ಬರೆಯಬಹುದು, ಲಾಯರ್ ಆಗಬಹುದು, ಯೂನಿಯನ್ ಸೇರಬಹುದು. ಮಾಲೀಕರ ಸಂಬಳ ತಗೊಂಡು ಇದನ್ನು ಯಾಕೆ ಮಾಡಬೇಕು?

ದುರ್ಗದವಳು

ಇದಕ್ಕೆ ನಾನು ಉತ್ತರ ಕೊಡಬಹುದೇನೋ. ಚಿತ್ರದುರ್ಗದಲ್ಲಿದ್ದೇನೆ. ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದ್ದು. ಓದುವಾಗ ಎನ್‌ಜಿಒಗೆ ಹೋಗುವ ಆಸೆ ಇತ್ತು. ಮೊದಲು ಸಿಕ್ಕಿದ್ದು ಗಣಿ ಕಡೆಯ ಒಂದು ಗುತ್ತಿಗೆ ಸಂಸ್ಥೆಯ ಕೆಲಸ. ಲಾರಿ, ಕ್ರಷರ್, ಲೋಡಿಂಗ್‌ನಲ್ಲಿದ್ದ ಗುತ್ತಿಗೆ ಆಳುಗಳ ಲೆಕ್ಕ ನೋಡಿಕೊಳ್ಳೋದು.

2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಬಳ್ಳಾರಿಯಲ್ಲಿ ಜುಲೈ ಕೊನೆಗೇ ನಿಂತಿತ್ತು. ಕಾಡು, ಕೆರೆ, ಹೊಲ ಹಾಳಾಗಿದ್ದನ್ನು ನಾವೂ ಕಣ್ಣಾರೆ ಕಂಡವರು. ತೀರ್ಪು ಸರಿ ಅಂತ ಅವತ್ತೂ ಅನಿಸಿತ್ತು, ಇವತ್ತೂ ಅನಿಸುತ್ತದೆ. ಆದರೆ ಹೊಳಲ್ಕೆರೆ, ಹೊಸದುರ್ಗ ಕಡೆಯ ಹಳ್ಳಿಗಳಿಂದ ಬರುತ್ತಿದ್ದ ಆಳುಗಳಿಗೆ ಅದನ್ನು ಯಾರು ಹೇಳಬೇಕು? ದಿನಾ ಬೆಳಿಗ್ಗೆ ಬಂದು ಗೇಟಿನ ಹತ್ತಿರ ಕೂರುತ್ತಿದ್ದರು. ನಾಳೆ ಶುರುವಾಗುತ್ತೆ, ನಾಡಿದ್ದು ಶುರುವಾಗುತ್ತೆ ಅಂತ ಗುತ್ತಿಗೆದಾರ ಹೇಳಿ ಕಳಿಸುತ್ತಿದ್ದ. ಅವರು ಬೇರೆ ಕೆಲಸವನ್ನೂ ಹುಡುಕಲಿಲ್ಲ.

ನಾನು ಮಾಡಿದ್ದು ದೊಡ್ಡದೇನಲ್ಲ. ಒಂದು, ಸದ್ಯಕ್ಕೆ ಶುರುವಾಗಲ್ಲ ಅಂತ ನೇರವಾಗಿ ಹೇಳಿದೆ. ಇನ್ನೊಂದು, ಮಾಡಿದ ಕೆಲಸದ ಬಾಕಿ ಕೂಲಿ ಪಟ್ಟಿ ಮಾಡಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕರೇ ಕೊಟ್ಟು ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಅದನ್ನು ತೋರಿಸಿ ಕಡತ ಮೇಲೆ ಕಳಿಸಿದೆ. ದುಡ್ಡು ಬಂತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ ತಂಗಿ. ಲಾಯರ್ ಹತ್ತಿರ ಕೇಸ್ ಬರೋದು ಅನ್ಯಾಯ ಆದ ಮೇಲೆ. ಇಲಾಖೆಗೆ ದೂರು ಹೋಗೋದೂ ಆದ ಮೇಲೆಯೇ. ಒಳಗೆ ಕೂತವಳಿಗೆ ಅದು ಆಗುವ ಮುಂಚೆ ಗೊತ್ತಾಗುತ್ತದೆ. ಈ ತಿಂಗಳು ಓಟಿ (ಹೆಚ್ಚುವರಿ ದುಡಿಮೆ) ಗಂಟೆ ಕಡಿಮೆ ತೋರಿಸಿದ್ದಾರೆ ಅನ್ನೋದು ಸಂಬಳ ಹೋಗುವ ಮುಂಚೆ ನನ್ನ ಟೇಬಲ್ ಮೇಲೆ ಬರುತ್ತದೆ. ಅಲ್ಲೇ ಸರಿ ಮಾಡಿಸಿದರೆ ಆ ಆಳು ಕೋರ್ಟು ಕಚೇರಿ ಅಲೆಯಬೇಕಿಲ್ಲ. ಇದು ಸಿಗುವುದು ಈ ಕುರ್ಚಿಯಲ್ಲಿ ಕೂತವರಿಗೆ ಮಾತ್ರ. ಎಲ್ಲ ಸಲವೂ ಮಾತು ನಡೆಯಲ್ಲ, ಅದೂ ನಿಜ. ನಡೆಯದ ದಿನ ರಾತ್ರಿ ನಿದ್ದೆ ಬರಲ್ಲ. ಆದರೂ ಯೂನಿಯನ್, ಇಲಾಖೆ, ವಕೀಲರು ಎಲ್ಲರೂ ಬೇಕು. ನಾವು ಅವರ ಬದಲಿಗೆ ಇರೋದಲ್ಲ.

ಚಳ್ಳಕೆರೆ ಹುಡುಗ

ನಾನು ಬಿಟ್ಟವನು. ಬಿಟ್ಟವರೂ ಬರೆಯಿರಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ರಿಕ್ರೂಟರ್ ಆಗಿದ್ದೆ. ಎಚ್‌ಆರ್ ಅಂತ ಹೆಸರು. ದಿನಕ್ಕೆ ಇಷ್ಟು ಕಾಲ್, ವಾರಕ್ಕೆ ಇಷ್ಟು ಜನ ಸೇರಬೇಕು ಅಂತ ಟಾರ್ಗೆಟ್. ಫೋನಿನ ಆ ಕಡೆ ಇರುವವರ ಹೆಸರೂ ನೆನಪಿರುತ್ತಿರಲಿಲ್ಲ. ಜಾಯಿನ್ ಆಗಿ ಮೂರು ತಿಂಗಳಿಗೆ ಬಿಟ್ಟರೂ ಪರವಾಗಿಲ್ಲ, ನಮ್ಮ ಲೆಕ್ಕಕ್ಕೆ ಬಂದರೆ ಸಾಕು. ನಾನು ಈ ಕೆಲಸಕ್ಕೆ ಬಂದದ್ದು ನಮ್ಮ ಕಡೆ ಹುಡುಗರಿಗೆ ದಾರಿ ತೋರಿಸಬೇಕು ಅಂತ. ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಡಿಪ್ಲೊಮಾ ಮಾಡಿದ ಹುಡುಗರು ಕೆಲಸ ಚೆನ್ನಾಗಿ ಬಲ್ಲರು, ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆ ಕೇಳಿದ ತಕ್ಷಣ ಬೆವರುತ್ತಾರೆ. ಅಂಥವರಿಗೆ ಮೊದಲ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿಸಿ ಆಮೇಲೆ ಟೆಕ್ನಿಕಲ್ ಕೇಳಿ ಅಂತ ನಾನು ಹೇಳುತ್ತಿದ್ದೆ. ಟೈಂ ಇಲ್ಲ ಅನ್ನೋರು. ಬಿಟ್ಟು ಬಂದೆ. ಈಗ ಊರಿನಲ್ಲಿ ಅಪ್ಪನ ಎಣ್ಣೆ ಮಿಲ್ ನೋಡಿಕೊಳ್ಳುತ್ತೇನೆ.

ಕೆಲಸ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅಕ್ಕ, ಯಾವ ಎಚ್‌ಆರ್ ಅಂತ ನೋಡಿ ಹೋಗಿ. ಬರೀ ರಿಕ್ರೂಟ್‌ಮೆಂಟ್ ಬೇರೆ, ಫ್ಯಾಕ್ಟರಿ ಎಚ್‌ಆರ್ ಬೇರೆ, ಪೇರೋಲ್ ಬೇರೆ. ನಿಮ್ಮ ಆಸೆ ಯಾವುದಕ್ಕೆ ಹೊಂದುತ್ತೆ ಅಂತ ಮೊದಲೇ ತಿಳ್ಕೊಳ್ಳಿ.

ಎಸ್.ಎಸ್. ಲೇಔಟ್

ಚಳ್ಳಕೆರೆ ತಮ್ಮ, ನಿನ್ನ ಹತ್ತು ನಿಮಿಷದ ಕನ್ನಡದ ಮಾತು ಬಹಳ ಹಿಡಿಸಿತು. ನಮ್ಮಲ್ಲಿ ನರ್ಸಿಂಗ್ ಇಂಟರ್‌ವ್ಯೂಗೆ ಹಾಗೇ ಮಾಡುತ್ತೇವೆ. ಹಿಂಜರಿದು ಕೂತ ಹುಡುಗಿಯರೇ ಆಮೇಲೆ ವಾರ್ಡಿನಲ್ಲಿ ಒಳ್ಳೆಯ ಕೆಲಸ ಮಾಡಿದ್ದನ್ನು ಕಂಡಿದ್ದೇನೆ.

ಕಾಲೇಜು ಮೇಷ್ಟ್ರು

ನಾನು ಮ್ಯಾನೇಜ್‌ಮೆಂಟ್ ಪಾಠ ಮಾಡುವವನು. ನಿಮ್ಮೆಲ್ಲರ ಬರಹ ಓದುತ್ತಾ ಫ್ರೆಡರಿಕ್ ಹರ್ಜ್‌ಬರ್ಗ್ ನೆನಪಾದ. ಅಮೆರಿಕದ ಮನಶ್ಶಾಸ್ತ್ರಜ್ಞ. ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಇಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಪುಸ್ತಕ ತಂದ. ಕೆಲಸದಲ್ಲಿ ಯಾವಾಗ ಖುಷಿಯಾಯಿತು, ಯಾವಾಗ ಬೇಸರವಾಯಿತು ಅಂತ ಕೇಳಿದ. ಎರಡಕ್ಕೂ ಬಂದ ಕಾರಣಗಳು ಬೇರೆ ಬೇರೆ. ಸಂಬಳ, ನಿಯಮ, ಮೇಲ್ವಿಚಾರಣೆ, ಕೆಲಸದ ಜಾಗ ಸರಿಯಿಲ್ಲದಿದ್ದರೆ ಬೇಸರ ಬರುತ್ತದೆ. ಸರಿಯಿದ್ದರೆ ಬೇಸರ ಹೋಗುತ್ತದೆ ಅಷ್ಟೇ, ಉತ್ಸಾಹ ಹುಟ್ಟುವುದಿಲ್ಲ. ಉತ್ಸಾಹ ಹುಟ್ಟುವುದು ಏನನ್ನೋ ಸಾಧಿಸಿದಾಗ, ಅದನ್ನು ಯಾರಾದರೂ ಗುರುತಿಸಿದಾಗ, ಜವಾಬ್ದಾರಿ ಸಿಕ್ಕಾಗ.

ಈಗ ಎಚ್‌ಆರ್ ಕೆಲಸ ನೋಡಿ. ಇವರು ನೋಡಿಕೊಳ್ಳುವುದೆಲ್ಲ ಮೊದಲ ಗುಂಪಿನದು. ಸಂಬಳ ಹೊತ್ತಿಗೆ ಸರಿಯಾಗಿ ಬಂದರೆ ಯಾರೂ ಬಂದು ಥ್ಯಾಂಕ್ಸ್ ಹೇಳುವುದಿಲ್ಲ. ಒಂದು ದಿನ ತಪ್ಪಿದರೆ ಎಲ್ಲರೂ ಬರುತ್ತಾರೆ. ಹಾಗಾಗಿ ಹೊರಗಿನವರು ಗುರುತಿಸಲಿ ಅಂತ ಕಾಯುವವರು ಇಲ್ಲಿ ಬೇಗ ಸೋಲುತ್ತಾರೆ. ನನ್ನ ಹಳೇ ವಿದ್ಯಾರ್ಥಿಗಳಲ್ಲಿ ಇದನ್ನು ಕಂಡಿದ್ದೇನೆ. "ಜನರ ಜೊತೆ ಬೆರೆಯೋದು ಇಷ್ಟ" ಅಂತ ಹೋದವರಲ್ಲಿ ಹಲವರು, ಜನ ತಮ್ಮನ್ನು ಇಷ್ಟಪಡಲಿ ಅಂತ ಹೋದವರು. ಜನ ಇಷ್ಟಪಡದಿದ್ದಾಗ ಅವರಿಗೆ ತಡೆಯಲಾಗಲಿಲ್ಲ. ಮಿಲ್ ಕಾರ್ಮಿಕನ ಮಗ, ಹಳಬರು, ದುರ್ಗದವರು ಮೂವರೂ ಹೇಳಿದ್ದು ಬೇರೆ ಥರ. ಲೆಕ್ಕ ಸರಿಯಾಯಿತು, ನಿಯಮ ಎಲ್ಲರಿಗೂ ಒಂದೇ ಆಯಿತು, ಕೂಲಿ ಕೈ ಸೇರಿತು ಅನ್ನುವುದೇ ಇವರ ಸಾಧನೆ. ಬೇರೆಯವರು ಹೇಳಬೇಕಾಗಿಲ್ಲ, ಇವರಿಗೇ ಗೊತ್ತಾಗುತ್ತದೆ. ಆರಿಸಿಕೊಳ್ಳುವ ಮುಂಚೆ ಈ ವ್ಯತ್ಯಾಸವನ್ನು ನಿಮ್ಮೊಳಗೆ ನೋಡಿಕೊಳ್ಳಿ ಅಂತ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ.

ಲೈನ್ ನಂಬರ್ ಏಳು

ಮೇಷ್ಟ್ರೇ, ಥ್ಯಾಂಕ್ಸ್ ಹೇಳಲ್ಲ ಅನ್ನೋದು ನಿಜ. ನಾನೂ ಆ ಮೇಡಂಗೆ ಹೇಳಿರಲಿಲ್ಲ.

ಆದರೆ ಒಂದು ಮಾತು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದಿದ್ದು ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಹೋರಾಟ ಆದ ಮೇಲೆ ವಾಪಸ್ ತಗೊಂಡರು. ನಮ್ಮ ಅತ್ತಿಗೆ ಅಲ್ಲಿದ್ದರು. ಆ ನಿಯಮದ ಬಗ್ಗೆ ಅವರ ಫ್ಯಾಕ್ಟರಿಯಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲವಂತೆ. ಬಾಯಿಂದ ಬಾಯಿಗೆ ಗೊತ್ತಾಗಿದ್ದು. ಮಕ್ಕಳ ಸ್ಕೂಲ್ ಫೀಸ್, ಮದುವೆ, ಸಾಲ ಎಲ್ಲದಕ್ಕೂ ನಮಗೆ ಅದೊಂದೇ ದುಡ್ಡು. ಅದರ ವಿಷಯ ನಮ್ಮ ಭಾಷೆಯಲ್ಲಿ ಕೂರಿಸಿ ಹೇಳೋರು ಬೇಕು. ಓದಿದ ಹುಡುಗಿಯರು ಇಂಥದ್ದಕ್ಕೆ ಬರೋದಾದರೆ ಬರಲಿ ಅಂತ ನನಗೂ ಅನಿಸುತ್ತದೆ.

ಮಿಲ್ ಕಾರ್ಮಿಕನ ಮಗ

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಪಿಎಫ್ ಅಂದ್ರೆ ಎಲ್ಲರಿಗೂ ಗೊತ್ತಿರೋದು ಕಟ್ಟಿದ ದುಡ್ಡು ವಾಪಸ್ ಬರೋದು. ಅದರ ಜೊತೆಗೇ ಇಡಿಎಲ್‌ಐ ಅನ್ನುವ ವಿಮೆ ಇದೆ. ಕೆಲಸದಲ್ಲಿ ಇರುವಾಗಲೇ ಕಾರ್ಮಿಕ ತೀರಿಹೋದರೆ ಕುಟುಂಬಕ್ಕೆ 7 ಲಕ್ಷ ರೂಪಾಯಿವರೆಗೆ ಬರುತ್ತದೆ. ಇದಕ್ಕೆ ಕಾರ್ಮಿಕನ ಸಂಬಳದಿಂದ ಒಂದು ಪೈಸೆಯೂ ಹಿಡಿಯುವುದಿಲ್ಲ, ಮಾಲೀಕರೇ ಕಟ್ಟುತ್ತಾರೆ. ಹೆಂಡತಿಗೆ ತಿಂಗಳ ಪೆನ್ಷನ್ ಬೇರೆ. ಒಂದೇ ತಿಂಗಳು ಪೆನ್ಷನ್ ಖಾತೆಗೆ ದುಡ್ಡು ಹೋಗಿದ್ದರೂ ಆ ವಿಧವಾ ಪೆನ್ಷನ್ ಸಿಗುತ್ತದೆ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇದ್ದರೆ ಮಣ್ಣಿನ ಖರ್ಚಿಗೆ ಅಂತ 15,000 ರೂಪಾಯಿ.

ನಮ್ಮಲ್ಲಿ ಒಬ್ಬ ಹೆಲ್ಪರ್ ಹೃದಯಾಘಾತದಿಂದ ಹೋದ. ಹೆಂಡತಿಗೆ ಈ ಯಾವುದೂ ಗೊತ್ತಿರಲಿಲ್ಲ. ಕಡೆ ತಿಂಗಳ ಸಂಬಳ ಕೊಡಿ ಅಂತ ಮಾತ್ರ ಕೇಳಲು ಬಂದಿದ್ದರು. ಫಾರಂಗಳನ್ನು ನಾನೇ ತುಂಬಿದೆ. ಅವನ ಇ-ನಾಮಿನೇಷನ್ ಮೊದಲೇ ಮಾಡಿಸಿದ್ದರಿಂದ ಅಡಚಣೆ ಆಗಲಿಲ್ಲ. ದುಡ್ಡು ಬಂದ ಮೇಲೆ ಆ ಮನೆಯ ಮಕ್ಕಳು ಸ್ಕೂಲು ಬಿಡಲಿಲ್ಲ. ನನ್ನ ಸಂಬಳ ಜಾಸ್ತಿಯೇನಲ್ಲ. ಬೆಂಗಳೂರಿನಿಂದ ಕರೆದರೂ ನಾನು ಹೋಗದೆ ಇರಲು ಇಂಥವು ಕಾರಣ.

ಹರಿಹರದ ಹಳಬ

ಇದರ ಜೊತೆ ನೆನಪಿಡಬೇಕಾದ್ದು ಒಂದಿದೆ. ಪಿಎಫ್ ಬರುವುದು 20 ಜನ ಇರುವ ಕಡೆ, ಇಎಸ್‌ಐ ಬರುವುದು 10 ಜನ ಇರುವ ಕಡೆ. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ನಿಂತು ದುಡಿಯುವವರಿಗೆ ಎಚ್‌ಆರ್ ಎಲ್ಲಿಂದ ಬರಬೇಕು? ಈ ವಿದ್ಯೆ ಕಲಿತವರು ವಾರಕ್ಕೊಂದು ಹೊತ್ತು ಅಂಥ ಕಡೆ ಕೂತು ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ, ಆರೋಗ್ಯ ಕಾರ್ಡ್ ಮಾಡಿಸಿಕೊಟ್ಟರೆ ಎಷ್ಟು ಉಪಕಾರ. ನನಗೆ ವಯಸ್ಸಾಯಿತು, ಆದರೂ ಯಾರಾದರೂ ಹುಡುಗರು ಶುರು ಮಾಡಿದರೆ ನಾನೂ ಬಂದು ಕೂರುತ್ತೇನೆ.

ವಿದ್ಯಾನಗರ ಹುಡುಗಿ

ನಾನು ಬರುತ್ತೇನೆ ಹಳಬರೇ. ಕ್ಲಾಸಿನಲ್ಲಿ ಇನ್ನೂ ಒಂದಿಬ್ಬರನ್ನು ಕೇಳುತ್ತೇನೆ. ಎಚ್‌ಆರ್ ತೆಗೆದುಕೊಳ್ಳುವುದು ಅಂತ ತೀರ್ಮಾನ ಮಾಡಿದೆ. ಬೆರೆಯೋದು ಇಷ್ಟ ಅಂತ ಅಲ್ಲ. ನಮ್ಮಮ್ಮ ಮೊದಲು ಒಂದು ಕಡೆ ಕೆಲಸ ಮಾಡುತ್ತಿದ್ದರು. ನಾನು ಹುಟ್ಟುವಾಗ ಬಿಡಬೇಕಾಯಿತು. ಹೆರಿಗೆ ರಜೆ ಅನ್ನೋದು ಇದೆ ಅಂತಲೇ ಅವರಿಗೆ ಯಾರೂ ಹೇಳಿರಲಿಲ್ಲ. 2017ರಿಂದ ಅದು 26 ವಾರ ಆಗಿದೆ ಅಂತ ನಾನು ಓದಿದ್ದೇ ಈ ಕೋರ್ಸಿನಲ್ಲಿ. ಯಾಕೆ ಎಳೆಯುತ್ತಿದೆ ಅಂತ ಕೇಳಿದ್ದೆನಲ್ಲ, ನಿಮ್ಮ ಮಾತು ಓದುತ್ತಾ ಇದು ಹೊಳೆಯಿತು.

ಇಂಟರ್ನ್‌ಶಿಪ್‌ಗೆ ಎಲ್ಲಿ ಕೇಳಲಿ? ಮೊದಲು ಏನು ಕಲಿಯಲಿ?

ದುರ್ಗದವಳು

ಫ್ಯಾಕ್ಟರಿಯಲ್ಲೇ ಕೇಳು ತಂಗಿ, ಕಾರ್ಪೊರೇಟ್ ಆಫೀಸ್ ಬೇಡ. ಟೈಂ ಆಫೀಸಿನಲ್ಲಿ ಕೂರಿಸಿ ಅಂತ ಬಾಯಿಬಿಟ್ಟು ಕೇಳು. ಹಾಜರಿಯಿಂದ ಸಂಬಳ ಚೀಟಿವರೆಗೆ ಒಂದು ತಿಂಗಳ ಲೆಕ್ಕವನ್ನು ಕೈಯಲ್ಲೇ ಮಾಡು. ಗ್ರಾಚ್ಯುಟಿ ಲೆಕ್ಕ ಬಾಯಿಪಾಠ ಆಗಿರಲಿ. ಕಡೆಯ ಸಂಬಳ 15,600 ಅಂದ್ರೆ 26ರಿಂದ ಭಾಗಿಸಿದರೆ ದಿನಕ್ಕೆ 600, ದುಡಿದ ಒಂದೊಂದು ವರ್ಷಕ್ಕೆ ಅದರ 15 ಪಟ್ಟು 9,000. ಎಂಟು ವರ್ಷ ದುಡಿದವರಿಗೆ 72,000. ಇದನ್ನು ಕೇಳಲು ಬಂದವರ ಎದುರೇ ಚೀಟಿಯಲ್ಲಿ ಬರೆದು ತೋರಿಸಬೇಕು. ಹೊಸ ಸಂಹಿತೆಗಳನ್ನೂ ಓದು. ಕೆಲಸ ಬಿಟ್ಟವರ ಸಂಬಳ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಅದರಲ್ಲಿದೆ. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆ. ಲೈಂಗಿಕ ಕಿರುಕುಳದ 2013ರ ಕಾಯ್ದೆಯನ್ನು ಪೂರ್ತಿ ಓದು. ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ಹೇಳಲು ಬರುವುದು ನಿನ್ನ ಹತ್ತಿರವೇ. ಆಗ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು ಅನ್ನುವುದು ಗೊತ್ತಿಲ್ಲದೆ ದಿನ ಕಳೆದುಬಿಟ್ಟರೆ ಅವಳಿಗೆ ದಾರಿ ಕಷ್ಟವಾಗುತ್ತದೆ.

ಲೈನ್ ನಂಬರ್ ಏಳು

ಎಲ್ಲರೂ ಇದ್ದೀರಿ ಅಂತ ನನ್ನದೊಂದು ಕೇಳಲಾ? ಆಧಾರ್‌ನಲ್ಲಿ ನನ್ನ ಹೆಸರಿನ ಕೊನೆಗೆ ಅಪ್ಪನ ಹೆಸರು ಇದೆ. ಪಿಎಫ್‌ನಲ್ಲಿ ಬರೀ ನನ್ನ ಹೆಸರು, ಹುಟ್ಟಿದ ವರ್ಷವೂ ಬೇರೆ. ಯುಎಎನ್, ಅಂದ್ರೆ ಪಿಎಫ್‌ನ ಕಾಯಂ ನಂಬರ್, 2015ರದ್ದು. ಹಳೇ ಫ್ಯಾಕ್ಟರಿ ಈಗ ಮುಚ್ಚಿದೆ. ಇದನ್ನ ಯಾರ ಹತ್ತಿರ ಸರಿ ಮಾಡಿಸಬೇಕು?

ಮಿಲ್ ಕಾರ್ಮಿಕನ ಮಗ

ಅಕ್ಕ, ಇದು ಆಗುವ ಕೆಲಸವೇ, ಗಾಬರಿ ಬೇಡ. 2017ರ ಅಕ್ಟೋಬರ್ ನಂತರ ಕೊಟ್ಟ ಯುಎಎನ್ ಆಗಿದ್ದು ಆಧಾರ್ ಸರಿಯಾಗಿ ಸೇರಿದ್ದರೆ ನೀವೇ ಆನ್‌ಲೈನ್‌ನಲ್ಲಿ ತಿದ್ದಬಹುದಿತ್ತು. ನಿಮ್ಮದು ಅದಕ್ಕಿಂತ ಹಳೆಯದು. ಹಾಗಾಗಿ ಜಾಯಿಂಟ್ ಡಿಕ್ಲರೇಷನ್, ಅಂದ್ರೆ ನೀವೂ ಫ್ಯಾಕ್ಟರಿಯವರೂ ಸೇರಿ ಕೊಡುವ ತಿದ್ದುಪಡಿ ಅರ್ಜಿ ಹಾಕಬೇಕು. ಈಗಿನ ಫ್ಯಾಕ್ಟರಿಯಲ್ಲೂ ಅದೇ ಯುಎಎನ್ ನಡೆಯುತ್ತಿದ್ದರೆ ಮೊದಲು ಅಲ್ಲಿನ ಎಚ್‌ಆರ್ ಹತ್ತಿರ ಹೋಗಿ, ಆನ್‌ಲೈನ್‌ನಲ್ಲಿ ಒಪ್ಪಿಗೆ ಕೊಡಬೇಕಾದವರು ಅವರು. ಅವರ ಕೈಲಿ ಆಗಲ್ಲ ಅಂದರೆ, ಹಳೇ ಫ್ಯಾಕ್ಟರಿ ಮುಚ್ಚಿದ್ದಕ್ಕೆ ಗೆಜೆಟೆಡ್ ಅಧಿಕಾರಿಯಂಥವರ ಸಹಿ ಹಾಕಿಸಿ ಅರ್ಜಿಯನ್ನು ಪಿಎಫ್ ಕಚೇರಿಗೇ ಕೊಡಬಹುದು. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣ ಪತ್ರ, ಹಳೇ ಸಂಬಳ ಚೀಟಿ ಇದ್ದರೆ ಅದು, ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ನನಗೆ ಮೆಸೇಜ್ ಮಾಡಿ. ಈ ಭಾನುವಾರ ಅರ್ಜಿ ತುಂಬೋಣ. ವಿದ್ಯಾನಗರದ ತಂಗಿ, ನೀನೂ ಬಾ, ಈ ಅರ್ಜಿ ನೀನೇ ತುಂಬುವಿಯಂತೆ.